ಡ್ಯೂಕ್ ಎಲಿಂಗ್ಟನ್: ಇಡೀ ತಂಡವನ್ನೇ ವಾದ್ಯದಂತೆ ನುಡಿಸಿದ ನಾಯಕ

ಏಪ್ರಿಲ್ 30 ಅಂತರರಾಷ್ಟ್ರೀಯ ಜಾಜ್ ದಿನ. ಅದರ ಹಿಂದಿನ ದಿನ ಡ್ಯೂಕ್ ಎಲಿಂಗ್ಟನ್ ಅವರ ಜನ್ಮದಿನ. ಹಾಗಾಗಿ ವರ್ಷಕ್ಕೊಮ್ಮೆ ಈ ಹೊತ್ತಿಗೆ ಅವರ ಕಪ್ಪುಬಿಳುಪು ಚಿತ್ರವೂ ಒಂದೆರಡು ಹಾಡಿನ ತುಣುಕುಗಳೂ ನಮ್ಮ ಮೊಬೈಲಿಗೆ ಬಂದು ತಲುಪುತ್ತವೆ. ಕೆಳಗೆ ‘ಮಹಾನ್ ಬಿಗ್ ಬ್ಯಾಂಡ್ ನಾಯಕ’ ಎಂಬ ಸಾಲು ಇರುತ್ತದೆ. ಕರ್ನಾಟಕ ಸಂಗೀತವನ್ನೋ ಭಾವಗೀತೆಯನ್ನೋ ಕೇಳುತ್ತ ಬೆಳೆದವರಿಗೆ ಪ್ರಶ್ನೆ ಹುಟ್ಟುವುದು ಅಲ್ಲಿಯೇ. ಬಿಗ್ ಬ್ಯಾಂಡ್ ಎಂದರೇನು? ಅದಕ್ಕೊಬ್ಬ ನಾಯಕ ಏಕೆ? ಹಾಡುಗಾರರಲ್ಲದ, ಪಿಯಾನೊ ಮುಂದೆ ಕುಳಿತರೂ ಬಹುಪಾಲು ಬೇರೆಯವರನ್ನೇ ನುಡಿಸಲು ಬಿಡುತ್ತಿದ್ದ ಒಬ್ಬರನ್ನು ಇಪ್ಪತ್ತನೆಯ ಶತಮಾನದ ದೊಡ್ಡ ಸಂಗೀತಕಾರರ ಸಾಲಿನಲ್ಲಿ ಏಕೆ ಕೂರಿಸುತ್ತಾರೆ?

ಅವರೊಂದಿಗೆ ಮೂರು ದಶಕ ದುಡಿದ ಬಿಲ್ಲಿ ಸ್ಟ್ರೇಹಾರ್ನ್ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಎಲಿಂಗ್ಟನ್ ಪಿಯಾನೊ ನುಡಿಸುತ್ತಾರೆ, ಆದರೆ ಅವರ ನಿಜವಾದ ವಾದ್ಯ ಅವರ ತಂಡ ಎಂಬುದು ಅವರ ಮಾತು. ಆ ಮಾತು ಪೂರ್ತಿ ಅರ್ಥವಾಗಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ಜಾಜ್ ಎಂದರೆ

ಹತ್ತೊಂಬತ್ತನೆಯ ಶತಮಾನದ ಕೊನೆ ಮತ್ತು ಇಪ್ಪತ್ತನೆಯದರ ಆರಂಭದಲ್ಲಿ, ಅಮೆರಿಕದ ದಕ್ಷಿಣದ ನ್ಯೂ ಆರ್ಲಿಯನ್ಸ್ ನಗರದಲ್ಲಿ, ಕಪ್ಪು ಜನಾಂಗದವರ ನಡುವೆ ಜಾಜ್ ರೂಪುಗೊಂಡಿತು. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದವರ ಮಕ್ಕಳು ಮತ್ತು ಮೊಮ್ಮಕ್ಕಳ ಸಂಗೀತವದು. ಚರ್ಚಿನ ಹಾಡು, ದುಡಿಮೆಯ ಹಾಡು, ಮೆರವಣಿಗೆಯ ಬ್ಯಾಂಡು ಎಲ್ಲವೂ ಅದರಲ್ಲಿ ಬೆರೆತಿವೆ.

ನಮ್ಮ ಕಚೇರಿ ಕೇಳಿದವರಿಗೆ ಜಾಜ್‌ನ ಮುಖ್ಯ ಗುಣ ಅಪರಿಚಿತವಲ್ಲ. ವಿದ್ವಾಂಸರು ಕೃತಿಯೊಂದನ್ನು ಹಾಡಿ, ಅದರ ಒಂದು ಸಾಲನ್ನು ಹಿಡಿದು ಅಲ್ಲೇ ಸ್ವರ ಹಾಕುತ್ತಾರಲ್ಲ, ನಾವು ಮನೋಧರ್ಮ ಎನ್ನುವ ಆ ತತ್‌ಕ್ಷಣದ ಕಲ್ಪನೆಯೇ ಜಾಜ್‌ನ ಜೀವ. ಒಂದು ಗೊತ್ತಾದ ರಾಗಧಾಟಿ, ಅದರಡಿಯಲ್ಲಿ ಮತ್ತೆ ಮತ್ತೆ ಸುತ್ತಿ ಬರುವ ಸ್ವರಮೇಳಗಳ ಆವರ್ತ, ಅದರ ಮೇಲೆ ವಾದಕರು ಕಟ್ಟುವ ಹೊಸ ಹೊಸ ಸಾಲುಗಳು.

ಇನ್ನೊಂದು ಪದ ‘ಸ್ವಿಂಗ್’. ತಕಿಟ, ತಕಿಟ ಎಂದು ತಿಶ್ರ ನಡೆಯಲ್ಲಿ ಹೇಳಿಕೊಳ್ಳಿ. ಈಗ ಮೊದಲೆರಡು ಅಕ್ಷರಗಳನ್ನು ಬೆಸೆದು ‘ತಾ..ಟ, ತಾ..ಟ’ ಎನ್ನಿ. ಒಂದು ಉದ್ದ, ಒಂದು ಗಿಡ್ಡ. ಸ್ವಿಂಗ್‌ನ ಉಯ್ಯಾಲೆ ಹೆಚ್ಚುಕಡಿಮೆ ಹೀಗಿರುತ್ತದೆ. ನಾಲ್ಕು ಎಣಿಕೆಯಲ್ಲಿ ಒಂದು, ಮೂರಕ್ಕೆ ಚಪ್ಪಾಳೆ ತಟ್ಟದೆ ಎರಡು, ನಾಲ್ಕಕ್ಕೆ ತಟ್ಟಿದರೆ ಕಾಲು ತಾನಾಗಿಯೇ ಕುಣಿಯುತ್ತದೆ.

ಬಿಗ್ ಬ್ಯಾಂಡ್ ಎಂದರೆ

ಆರಂಭದ ಜಾಜ್ ತಂಡಗಳಲ್ಲಿ ಐದಾರು ಮಂದಿ ಇರುತ್ತಿದ್ದರು. ಅಷ್ಟು ಜನ ಒಬ್ಬರನ್ನೊಬ್ಬರು ಕೇಳಿಸಿಕೊಂಡು ಬರಹವಿಲ್ಲದೆಯೇ ಒಟ್ಟಿಗೆ ನುಡಿಸಬಹುದು. 1920ರ ದಶಕದಲ್ಲಿ ನೃತ್ಯದ ಸಭಾಂಗಣಗಳು ದೊಡ್ಡವಾದಂತೆ ತಂಡಗಳೂ ಬೆಳೆದವು. ಮೂರು ನಾಲ್ಕು ಟ್ರಂಪೆಟ್, ಎರಡು ಮೂರು ಟ್ರೊಂಬೋನ್, ನಾಲ್ಕೈದು ಸ್ಯಾಕ್ಸೊಫೋನ್ ಮತ್ತು ಕ್ಲ್ಯಾರಿನೆಟ್ ಎಂಬ ಊದುವ ವಾದ್ಯಗಳು, ಇವುಗಳಿಗೆ ಆಧಾರವಾಗಿ ಪಿಯಾನೊ, ಗಿಟಾರ್, ಬಾಸ್, ಡ್ರಮ್ಸ್. ಒಟ್ಟು ಹದಿನೈದರ ಆಸುಪಾಸು.

ಮನೆಯಲ್ಲಿ ನಾಲ್ಕು ಜನರಿಗೆ ಸಾರು ಮಾಡುವಾಗ ಉಪ್ಪು ಕೈಯಂದಾಜು. ಮದುವೆಮನೆಯಲ್ಲಿ ಐನೂರು ಎಲೆಗೆ ಬಡಿಸಬೇಕಾದಾಗ ಪಟ್ಟಿ ಬೇಕು, ಯಾವ ಒಲೆಗೆ ಯಾರು ಎಂಬ ಹಂಚಿಕೆ ಬೇಕು. ಹದಿನೈದು ಮಂದಿ ಏಕಕಾಲಕ್ಕೆ ತೋಚಿದ್ದು ನುಡಿಸಿದರೆ ಗದ್ದಲವೇ ಹೊರತು ಸಂಗೀತವಾಗದು. ಆದ್ದರಿಂದ ಯಾರು ಯಾವಾಗ ಏನು ನುಡಿಸಬೇಕು, ಯಾರಿಗೆ ಎಲ್ಲಿ ಮನೋಧರ್ಮಕ್ಕೆ ಜಾಗ ಎಂಬುದನ್ನೆಲ್ಲ ಮೊದಲೇ ಬರೆದಿಡುತ್ತಾರೆ. ಇದೇ ‘ಅರೇಂಜ್‌ಮೆಂಟ್’, ಅಂದರೆ ವಾದ್ಯಸಂಯೋಜನೆ.

ನಾಯಕರ ಕೆಲಸ ಅಷ್ಟಕ್ಕೇ ಮುಗಿಯುವುದಿಲ್ಲ. ವಾದಕರನ್ನು ಆರಿಸುವುದು, ಸಂಬಳ ಕೊಡುವುದು, ಊರೂರಿಗೆ ಕರೆದೊಯ್ಯುವುದು, ಜಗಳ ಬಿಡಿಸುವುದು ಎಲ್ಲವೂ ಅವರ ಹೆಗಲಿಗೆ. ಯಕ್ಷಗಾನ ಮೇಳದ ಭಾಗವತರೂ ಯಜಮಾನರೂ ಪ್ರಸಂಗಕರ್ತರೂ ಒಬ್ಬರೇ ಆದರೆ ಹೇಗಿರುತ್ತದೋ ಹಾಗೆ.

ವಾಷಿಂಗ್ಟನ್ನಿನ ಹುಡುಗ

ಎಡ್ವರ್ಡ್ ಕೆನಡಿ ಎಲಿಂಗ್ಟನ್ ಹುಟ್ಟಿದ್ದು 1899ರ ಏಪ್ರಿಲ್ 29ರಂದು, ವಾಷಿಂಗ್ಟನ್ ಡಿ.ಸಿ.ಯಲ್ಲಿ. ತಂದೆ ಸಿರಿವಂತರ ಮನೆಯಲ್ಲಿ ಬಟ್ಲರ್ ಆಗಿದ್ದರು, ಕೆಲವೊಮ್ಮೆ ಶ್ವೇತಭವನದ ಔತಣಗಳಿಗೂ ಬಡಿಸಲು ಹೋಗುತ್ತಿದ್ದರು. ತಂದೆ ತಾಯಿ ಇಬ್ಬರಿಗೂ ಪಿಯಾನೊ ಬರುತ್ತಿತ್ತು. ಉಡುಪಿನಲ್ಲೂ ನಡೆನುಡಿಯಲ್ಲೂ ಹುಡುಗ ತೋರುತ್ತಿದ್ದ ಗತ್ತನ್ನು ನೋಡಿ ಗೆಳೆಯನೊಬ್ಬ ‘ಡ್ಯೂಕ್’ ಎಂದು ಕರೆದ. ಡ್ಯೂಕ್ ಎಂದರೆ ಯುರೋಪಿನ ಶ್ರೀಮಂತ ಮನೆತನದವರ ಬಿರುದು. ಆ ಹೆಸರೇ ಉಳಿದುಕೊಂಡಿತು.

ಹದಿಹರೆಯದಲ್ಲಿ ಸೋಡಾ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದಾಗ ಮೊದಲ ರಚನೆ ಹುಟ್ಟಿತು. ಅದರ ಹೆಸರು ‘ಸೋಡಾ ಫೌಂಟನ್ ರಾಗ್’. ಚಿತ್ರಕಲೆಯಲ್ಲೂ ಕೈ ಪಳಗಿತ್ತು. ಬ್ರೂಕ್ಲಿನ್‌ನ ಪ್ರಾಟ್ ಇನ್‌ಸ್ಟಿಟ್ಯೂಟ್ ಕರೆದು ವಿದ್ಯಾರ್ಥಿವೇತನ ಕೊಡಲು ಮುಂದಾದರೂ ಅವರು ಹೋಗಲಿಲ್ಲ. ಬದಲಿಗೆ ಬೋರ್ಡು ಬರೆಯುವ ಸಣ್ಣ ವ್ಯಾಪಾರ ಇಟ್ಟುಕೊಂಡರು. ನೃತ್ಯಕೂಟಕ್ಕೆ ಪೋಸ್ಟರ್ ಬರೆಸಲು ಬಂದವರನ್ನು ‘ಸಂಗೀತಕ್ಕೆ ಯಾರಿದ್ದಾರೆ’ ಎಂದು ಕೇಳುವುದು, ವಾದ್ಯಗಾರರು ಬೇಕೆಂದು ಬಂದವರನ್ನು ‘ಪೋಸ್ಟರ್ ಆಯಿತೇ’ ಎಂದು ಕೇಳುವುದು. ವ್ಯವಹಾರ ಮತ್ತು ಕಲೆ ಒಂದೇ ಜೇಬಿನಲ್ಲಿದ್ದ ಈ ಬುದ್ಧಿ ಮುಂದೆ ಅವರ ತಂಡವನ್ನು ಐವತ್ತು ವರ್ಷ ಉಳಿಸಿತು.

1923ರಲ್ಲಿ ಗೆಳೆಯರೊಂದಿಗೆ ನ್ಯೂಯಾರ್ಕ್‌ಗೆ ಬಂದರು. ‘ವಾಷಿಂಗ್ಟೋನಿಯನ್ಸ್’ ಎಂಬ ಆ ಸಣ್ಣ ತಂಡದ ನಾಯಕತ್ವ ಸ್ವಲ್ಪ ಕಾಲದಲ್ಲೇ ಅವರ ಕೈಗೆ ಬಂತು.

ಕಾಟನ್ ಕ್ಲಬ್: ವೇದಿಕೆ ಕಪ್ಪು, ಕುರ್ಚಿ ಬಿಳಿ

1927ರ ಡಿಸೆಂಬರ್ 4ರಂದು ಹಾರ್ಲೆಮ್‌ನ ಕಾಟನ್ ಕ್ಲಬ್‌ನಲ್ಲಿ ಎಲಿಂಗ್ಟನ್ ತಂಡದ ಕಾರ್ಯಕ್ರಮ ಆರಂಭವಾಯಿತು. ಹಾರ್ಲೆಮ್ ನ್ಯೂಯಾರ್ಕ್‌ನಲ್ಲಿ ಕಪ್ಪು ಜನರ ಬಡಾವಣೆ. ನುಡಿಸುವವರು, ಕುಣಿಯುವವರು ಎಲ್ಲರೂ ಕಪ್ಪು ಜನಾಂಗದವರು, ಆದರೆ ಒಳಗೆ ಕುಳಿತು ನೋಡಲು ಬಿಳಿಯರಿಗೆ ಮಾತ್ರ ಅವಕಾಶ. ಈ ಅವಮಾನದ ನಡುವೆಯೇ ರೇಡಿಯೊ ಎಂಬ ಹೊಸ ಯಂತ್ರ ಅವರ ನೆರವಿಗೆ ಬಂತು. ಕ್ಲಬ್ಬಿನಿಂದ ನೇರ ಪ್ರಸಾರವಾಗುತ್ತಿದ್ದ ಸಂಗೀತವನ್ನು ದೇಶದ ಮೂಲೆಮೂಲೆಯಲ್ಲಿ ಕೇಳಿದರು. ಬಾಗಿಲಲ್ಲಿ ತಡೆಯಬಹುದಾಗಿದ್ದವರನ್ನು ಗಾಳಿಯಲ್ಲಿ ತಡೆಯಲಾಗಲಿಲ್ಲ.

ಅಲ್ಲಿನ ಕೆಲಸ ಇನ್ನೊಂದು ಉಪಕಾರ ಮಾಡಿತು. ನೃತ್ಯ, ಹಾಡು, ಹಾಸ್ಯ, ದೃಶ್ಯ ಬದಲಾವಣೆ ಎಲ್ಲಕ್ಕೂ ಹೊಸ ಹೊಸ ಸಂಗೀತ ಬೇಕಿತ್ತು. ಬರೆದದ್ದು ಕೂಡಲೇ ವೇದಿಕೆಗೆ ಏರುತ್ತಿತ್ತು. ಅದು ಅವರ ಪಾಲಿನ ಗುರುಕುಲ.

ಹಾಳೆಯ ಮೇಲೆ ವಾದಕರ ಹೆಸರು

ಸಾಮಾನ್ಯವಾಗಿ ಸಂಯೋಜಕರು ಸ್ವರಲಿಪಿಯ ಹಾಳೆಯ ಮೇಲೆ ‘ಎರಡನೆಯ ಟ್ರಂಪೆಟ್’, ‘ಮೊದಲ ಸ್ಯಾಕ್ಸೊಫೋನ್’ ಎಂದು ಬರೆಯುತ್ತಾರೆ. ಆ ಕುರ್ಚಿಯಲ್ಲಿ ಯಾರು ಕುಳಿತರೂ ನುಡಿಸಬಹುದು. ಎಲಿಂಗ್ಟನ್ ಅವರ ಹಾಳೆಗಳಲ್ಲಿ ಎಷ್ಟೋ ಕಡೆ ವಾದಕರ ಹೆಸರೋ ಅಡ್ಡಹೆಸರೋ ಇರುತ್ತದೆ. ಈ ಸ್ವರ ಕೂಟಿಗೆ, ಈ ಸ್ವರ ಟ್ರಿಕಿಗೆ. ನಮ್ಮ ವೃತ್ತಿನಾಟಕ ಕಂಪನಿಗಳ ಕವಿಗಳು ಇಂಥ ನಟರ ಕಂಠ, ಇಂಥವರ ಹಾಸ್ಯ ಎಂದು ಲೆಕ್ಕ ಹಾಕಿಯೇ ಪಾತ್ರ ಬರೆಯುತ್ತಿದ್ದರಲ್ಲ, ಅದೇ ರೀತಿ. ನನ್ನ ಮಟ್ಟಿಗೆ ಎಲಿಂಗ್ಟನ್ ಅವರ ದೊಡ್ಡತನದ ಬೀಗದ ಕೈ ಇದು.

ಬಬ್ಬರ್ ಮೈಲಿ ಎಂಬ ಟ್ರಂಪೆಟ್ ವಾದಕರನ್ನೇ ನೋಡಿ. ಸಿಂಕ್ ಕಟ್ಟಿಕೊಂಡಾಗ ಒತ್ತುವ ರಬ್ಬರ್ ಬಟ್ಟಲಿದೆಯಲ್ಲ, ಹಿಡಿಕೆ ತೆಗೆದ ಅಂಥದೊಂದನ್ನು ಟ್ರಂಪೆಟ್‌ನ ಬಾಯಿಗೆ ಹಿಡಿದು, ತೆರೆದು ಮುಚ್ಚಿ, ಗಂಟಲಿನಿಂದ ಗುರುಗುಟ್ಟಿ ಅವರು ಹೊರಡಿಸುತ್ತಿದ್ದ ದನಿ ಮನುಷ್ಯ ನರಳಿದಂತೆ, ಗದರಿದಂತೆ ಕೇಳುತ್ತಿತ್ತು. ‘ಟ್ರಿಕಿ ಸ್ಯಾಮ್’ ನ್ಯಾಂಟನ್ ಅದನ್ನೇ ಟ್ರೊಂಬೋನ್‌ಗೆ ತಂದರು. ಇನ್ನೊಬ್ಬರಾಗಿದ್ದರೆ ಇದನ್ನು ಚೇಷ್ಟೆ ಎಂದು ಬದಿಗಿಡುತ್ತಿದ್ದರೋ ಏನೋ. ಎಲಿಂಗ್ಟನ್ ಅದರ ಸುತ್ತ ಇಡೀ ರಚನೆಗಳನ್ನು ಕಟ್ಟಿದರು.

ಜಾನಿ ಹಾಡ್ಜಸ್ ನುಡಿಸುತ್ತಿದ್ದದ್ದು ಆಲ್ಟೊ ಸ್ಯಾಕ್ಸೊಫೋನ್. ಕದ್ರಿ ಗೋಪಾಲನಾಥ್ ಅವರಿಂದಾಗಿ ನಮ್ಮ ಕಿವಿಗೆ ಒಗ್ಗಿರುವ ವಾದ್ಯವೇ. ಒಂದು ಸ್ವರದಿಂದ ಇನ್ನೊಂದಕ್ಕೆ ಅವರು ಜೇನು ಇಳಿದಂತೆ ಇಳಿಯುತ್ತಿದ್ದರು. ನಮ್ಮವರು ಜಾರು ಎನ್ನುವ ಗಮಕವನ್ನು ಬಲ್ಲವರಿಗೆ ಹಾಡ್ಜಸ್ ಮೊದಲ ಸಲ ಕೇಳಿದಾಗಲೇ ಹತ್ತಿರವಾಗುತ್ತಾರೆ.

1930ರ ‘ಮೂಡ್ ಇಂಡಿಗೊ’ವನ್ನು ಸ್ವಲ್ಪ ಬಿಡಿಸಿ ನೋಡೋಣ. ಆಗಿನ ಪದ್ಧತಿಯಲ್ಲಿ ಟ್ರಂಪೆಟ್ ನಡುವೆ ನಿಂತು ರಾಗಧಾಟಿ ನುಡಿಸುತ್ತಿತ್ತು, ಕ್ಲ್ಯಾರಿನೆಟ್ ಮೇಲಿನ ಸ್ಥಾಯಿಯಲ್ಲಿ ಹಕ್ಕಿಯಂತೆ ಹಾರಾಡುತ್ತಿತ್ತು, ಟ್ರೊಂಬೋನ್ ತಳದಲ್ಲಿ ಇರುತ್ತಿತ್ತು. ಎಲಿಂಗ್ಟನ್ ಇದನ್ನು ತಲೆಕೆಳಗು ಮಾಡಿದರು. ಬಾಯಿ ಮುಚ್ಚಿದ ಟ್ರಂಪೆಟ್ ಮೇಲೆ, ಅದರ ಬೆನ್ನಿಗೇ ಬಾಯಿ ಮುಚ್ಚಿದ ಟ್ರೊಂಬೋನ್ ತನ್ನ ಎತ್ತರದ ಸ್ವರಗಳಲ್ಲಿ, ಇಬ್ಬರಿಗಿಂತ ಬಹಳ ಕೆಳಗೆ ಮಂದ್ರದಲ್ಲಿ ಕ್ಲ್ಯಾರಿನೆಟ್. ಮೂರು ಪರಿಚಿತ ವಾದ್ಯಗಳು ಸೇರಿ ಯಾವ ವಾದ್ಯದ್ದೂ ಅಲ್ಲದ ನಾಲ್ಕನೆಯ ದನಿಯೊಂದು ಹುಟ್ಟುತ್ತದೆ. ಮುಸ್ಸಂಜೆಯಲ್ಲಿ ದೀಪ ಹಚ್ಚುವ ಮುಂಚಿನ ಬೆಳಕಿನಂಥ ದನಿ ಅದು.

ಈ ವಿಧಾನಕ್ಕೆ ಇನ್ನೊಂದು ಮುಖವೂ ಇತ್ತು. ವಾದಕರು ಅಭ್ಯಾಸದ ನಡುವೆ ನುಡಿಸಿದ ಒಂದು ಸಾಲು ನಾಯಕರ ಕಿವಿಗೆ ಬಿದ್ದು ಮುಂದೆ ಹಾಡಾಗುತ್ತಿತ್ತು. ಹೆಸರೂ ಹಣವೂ ಯಾರಿಗೆ ಎಷ್ಟು ಎಂಬ ಬೇಸರ ತಂಡದೊಳಗೆ ಹೊಗೆಯಾಡುತ್ತಲೇ ಇತ್ತು. ತನ್ನಿಂದ ಬಂತೆನ್ನುವ ಸಾಲು ವೇದಿಕೆಯಲ್ಲಿ ಬಂದಾಗ ಹಾಡ್ಜಸ್ ನೋಟು ಎಣಿಸುವಂತೆ ಬೆರಳಾಡಿಸುತ್ತಿದ್ದರೆಂದು ಹೇಳುತ್ತಾರೆ. ಎಲಿಂಗ್ಟನ್ ಅವರಿಗೂ ಇದೇ ಅನುಭವವಾಗಿತ್ತು. ವ್ಯವಸ್ಥಾಪಕ ಇರ್ವಿಂಗ್ ಮಿಲ್ಸ್ ಅನೇಕ ಹಾಡುಗಳಿಗೆ ಸಹರಚನಕಾರರೆಂದು ತಮ್ಮ ಹೆಸರನ್ನೂ ಸೇರಿಸಿಕೊಂಡು ಪಾಲು ಪಡೆಯುತ್ತಿದ್ದರು. 1939ರಲ್ಲಿ ಇಬ್ಬರೂ ಬೇರೆಯಾದರು.

ಊರಿನಲ್ಲಿ ಜಾಗವಿಲ್ಲದವರ ರೈಲುಬೋಗಿ

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಆಗ ಕಪ್ಪು ಜನರಿಗೆ ಬಿಳಿಯರ ಹೋಟೆಲಿನಲ್ಲಿ ಕೋಣೆ ಸಿಗುತ್ತಿರಲಿಲ್ಲ, ಊಟದ ಮನೆಯಲ್ಲಿ ಕುರ್ಚಿಯೂ ಇಲ್ಲ. ಸಾವಿರಾರು ಜನ ಕುಣಿದು ಚಪ್ಪಾಳೆ ತಟ್ಟಿದ ರಾತ್ರಿಯಲ್ಲೇ ವಾದಕರು ಮಲಗಲು ಜಾಗ ಹುಡುಕಬೇಕಿತ್ತು. 1930ರ ದಶಕದ ದಕ್ಷಿಣದ ಪ್ರವಾಸಗಳಿಗೆ ಎಲಿಂಗ್ಟನ್ ತಂಡ ಕಂಡುಕೊಂಡ ದಾರಿ ಸ್ವಂತ ರೈಲುಬೋಗಿ. ಮಲಗುವ ಸೌಕರ್ಯವಿದ್ದ ಎರಡು ಪುಲ್‌ಮನ್ ಬೋಗಿಗಳು, ಸಾಮಾನಿಗೆ ಇನ್ನೊಂದು. ಊರಿನ ನಿಲ್ದಾಣದಲ್ಲಿ ಬೋಗಿಯನ್ನು ಬದಿಗೆ ನಿಲ್ಲಿಸಿ ಅಲ್ಲೇ ಊಟ, ನಿದ್ರೆ. ಕಾರ್ಯಕ್ರಮ ಮುಗಿಸಿ ಬಂದು ಅಲ್ಲೇ ಬರವಣಿಗೆ. ರೈಲಿನ ಸದ್ದು ಅವರ ಸಂಗೀತದಲ್ಲಿ ಅಷ್ಟೊಂದು ಸಲ ಕೇಳಿಬರುವುದಕ್ಕೆ ಇದೂ ಒಂದು ಕಾರಣ.

ತಮ್ಮ ಜನರ ಚರಿತ್ರೆಯನ್ನೇ ಅವರು ‘ಬ್ಲ್ಯಾಕ್, ಬ್ರೌನ್ ಅಂಡ್ ಬೇಜ್’ ಎಂಬ ಮುಕ್ಕಾಲು ಗಂಟೆಯ ರಚನೆಯಾಗಿಸಿ 1943ರ ಜನವರಿ 23ರಂದು ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ನುಡಿಸಿದರು. ಜಾಜ್ ಎಂದರೆ ಒಂದು ರೆಕಾರ್ಡಿನ ಬದಿಯಷ್ಟು, ಅಂದರೆ ಸುಮಾರು ಮೂರು ನಿಮಿಷ ಎಂದುಕೊಂಡಿದ್ದ ಕಾಲ ಅದು. ವಿಮರ್ಶಕರ ಪ್ರತಿಕ್ರಿಯೆ ಮಿಶ್ರವಾಗಿತ್ತು. ಪೆಟ್ಟು ಆಳವಾಗಿ ತಗುಲಿರಬೇಕು, ಇಡಿಯಾಗಿ ಅದನ್ನು ಮತ್ತೆ ಅವರು ಹೆಚ್ಚು ನುಡಿಸಲಿಲ್ಲ.

‘ಎ’ ರೈಲು ಹತ್ತಿ ಬಂದವರು

1938ರ ಡಿಸೆಂಬರ್‌ನಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಇಪ್ಪತ್ತಮೂರು ವರ್ಷದ ಬಿಲ್ಲಿ ಸ್ಟ್ರೇಹಾರ್ನ್ ಎಲಿಂಗ್ಟನ್ ಅವರನ್ನು ಕಂಡು ಪಿಯಾನೊ ನುಡಿಸಿ ತೋರಿಸಿದರು. ನ್ಯೂಯಾರ್ಕ್‌ನಲ್ಲಿ ತಮ್ಮ ಮನೆಗೆ ಬರುವ ದಾರಿಯನ್ನು ಎಲಿಂಗ್ಟನ್ ಹೇಳಿದರು: ಸುರಂಗ ರೈಲಿನ ‘ಎ’ ಗಾಡಿ ಹತ್ತಬೇಕು. ಆ ದಾರಿಯ ಗುರುತೇ ‘ಟೇಕ್ ದಿ ಎ ಟ್ರೈನ್’ ಎಂಬ ಹಾಡಾಯಿತು.

ಆ ಹಾಡು ತಂಡದ ಗುರುತಾದದ್ದರ ಹಿಂದೆ ಒಂದು ಹಣದ ಜಗಳವಿದೆ. 1941ರ ಆರಂಭದಲ್ಲಿ, ರಚನಕಾರರ ದೊಡ್ಡ ಸಂಘವೊಂದು ಹಾಡಿನ ಶುಲ್ಕ ಏರಿಸಬೇಕೆಂದಾಗ ರೇಡಿಯೊ ಕೇಂದ್ರಗಳು ಆ ಸಂಘದ ಸದಸ್ಯರ ಹಾಡುಗಳನ್ನೇ ನಿಲ್ಲಿಸಿದವು. ಎಲಿಂಗ್ಟನ್ ಸದಸ್ಯರಾಗಿದ್ದರು. ತಮ್ಮದೇ ಹಾಡನ್ನು ತಾವೇ ರೇಡಿಯೊದಲ್ಲಿ ನುಡಿಸುವಂತಿಲ್ಲ! ಸ್ಟ್ರೇಹಾರ್ನ್ ಮತ್ತು ಎಲಿಂಗ್ಟನ್ ಅವರ ಮಗ ಮರ್ಸರ್ ಸದಸ್ಯರಾಗಿರಲಿಲ್ಲ. ಇಬ್ಬರೂ ಹಗಲಿರುಳು ಕುಳಿತು ತಂಡಕ್ಕೆ ಹೊಸ ಹಾಡುಗಳ ಕಟ್ಟನ್ನೇ ಸಿದ್ಧಪಡಿಸಿದರು. ‘ಎ ಟ್ರೈನ್’ ಮುನ್ನೆಲೆಗೆ ಬಂದದ್ದು ಆಗ.

ಮುಂದಿನ ಎಷ್ಟೋ ಕೃತಿಗಳಲ್ಲಿ ಯಾವ ಸಾಲು ಯಾರದು ಎಂದು ಬೇರ್ಪಡಿಸುವುದು ಕಷ್ಟ. ಸ್ಟ್ರೇಹಾರ್ನ್ ಅವರ ಹೆಸರು ಬಹುಕಾಲ ನೆರಳಿನಲ್ಲೇ ಉಳಿಯಿತು ಎಂಬುದನ್ನೂ ಹೇಳಲೇಬೇಕು.

ಬಿಗ್ ಬ್ಯಾಂಡ್‌ಗಳು ಮುಚ್ಚಿದ್ದು ಏಕೆ? ಇದು ಉಳಿದದ್ದು ಹೇಗೆ?

ಎರಡನೆಯ ಮಹಾಯುದ್ಧ ವಾದಕರನ್ನು ಸೈನ್ಯಕ್ಕೆ ಎಳೆದೊಯ್ದಿತು, ಪೆಟ್ರೋಲು ಮತ್ತು ಟೈರಿಗೆ ಪಡಿತರ ಬಂತು. 1942ರಿಂದ 1944ರವರೆಗೆ ವಾದಕರ ಒಕ್ಕೂಟ ಧ್ವನಿಮುದ್ರಣ ಬಹಿಷ್ಕರಿಸಿತು. ಹಾಡುಗಾರರು ಆ ಒಕ್ಕೂಟಕ್ಕೆ ಸೇರಿರಲಿಲ್ಲವಾದ್ದರಿಂದ ರೆಕಾರ್ಡುಗಳಲ್ಲಿ ಅವರೇ ತಾರೆಗಳಾದರು. 1944ರಲ್ಲಿ ನೃತ್ಯ, ಹಾಡುಗಳಿದ್ದ ಸಭಾಂಗಣಗಳಿಗೆ ತೆರಿಗೆ ಬಿತ್ತು. ಆಮೇಲೆ ಟೆಲಿವಿಷನ್ ಬಂತು. ಹದಿನೈದು ಮಂದಿಗೆ ವಾರವಾರ ಸಂಬಳ ಕೊಡುವುದು ಅಸಾಧ್ಯವಾಗಿ, 1946ರ ಕೊನೆಯ ಹೊತ್ತಿಗೆ ಹೆಸರಾಂತ ತಂಡಗಳು ಒಂದಾದ ಮೇಲೊಂದರಂತೆ ಚದುರಿದವು. ಇನ್ನೊಬ್ಬ ದೊಡ್ಡ ನಾಯಕ ಕೌಂಟ್ ಬೇಸಿ ಕೂಡ 1950ರಲ್ಲಿ ಸಣ್ಣ ತಂಡಕ್ಕೆ ಇಳಿಯಬೇಕಾಯಿತು.

ಎಲಿಂಗ್ಟನ್ ತಂಡವನ್ನು ಬಿಡಲಿಲ್ಲ. ‘ಮೂಡ್ ಇಂಡಿಗೊ’, ‘ಸಾಫಿಸ್ಟಿಕೇಟೆಡ್ ಲೇಡಿ’ಯಂಥ ಹಾಡುಗಳಿಂದ ಬರುತ್ತಿದ್ದ ಗೌರವಧನವನ್ನು ತಂದು ಸಂಬಳಕ್ಕೆ ಸುರಿದರು. ಹೊಟ್ಟೆಪಾಡಿಗೆ ಅವರಿಗೆ ತಂಡ ಬೇಕಿರಲಿಲ್ಲ, ಹಾಡಿನ ಹಣ ಸಾಕಾಗುತ್ತಿತ್ತು. ಬೇಕಿದ್ದದ್ದು ರಾತ್ರಿ ಬರೆದದ್ದನ್ನು ಮರುದಿನವೇ ಕಿವಿಯಾರೆ ಕೇಳುವ ಸೌಭಾಗ್ಯ. ಇತರ ಸಂಯೋಜಕರು ವರ್ಷಗಟ್ಟಲೆ ಕಾಯುವುದನ್ನು ಅವರು ದಿನವೂ ದುಡ್ಡು ಕೊಟ್ಟು ಕೊಂಡರು. 1951ರಲ್ಲಿ ಹಾಡ್ಜಸ್, ಟ್ರೊಂಬೋನ್‌ನ ಲಾರೆನ್ಸ್ ಬ್ರೌನ್, ಡ್ರಮ್ಸ್‌ನ ಸಾನಿ ಗ್ರೀರ್ ಮೂವರೂ ಒಟ್ಟಿಗೆ ಹೊರನಡೆದಾಗಲೂ ಹೊಸಬರನ್ನು ತಂದು ಮುಂದುವರಿಸಿದರು.

ನ್ಯೂಪೋರ್ಟ್‌ನ ಇಪ್ಪತ್ತೇಳು ಆವರ್ತ

1956ರ ಜುಲೈ 7. ನ್ಯೂಪೋರ್ಟ್ ಜಾಜ್ ಉತ್ಸವದ ಕೊನೆಯ ರಾತ್ರಿ. ತಂಡದ ಕಾಲ ಮುಗಿಯಿತು ಎಂದು ಅನೇಕರು ಆಡಿಕೊಳ್ಳುತ್ತಿದ್ದ ದಿನಗಳು. ಹಾಡ್ಜಸ್ ಹಿಂದಿನ ವರ್ಷ ಮರಳಿ ಬಂದಿದ್ದರು. ಹೊತ್ತು ಮೀರಿತ್ತು, ಜನ ಎದ್ದು ಹೊರಡತೊಡಗಿದ್ದರು. ಎಲಿಂಗ್ಟನ್ 1937ರ ಒಂದು ಹಳೆಯ ರಚನೆಯನ್ನು ಎತ್ತಿಕೊಂಡರು: ‘ಡಿಮಿನುಯೆಂಡೊ ಅಂಡ್ ಕ್ರೆಸೆಂಡೊ ಇನ್ ಬ್ಲೂ’. ಒಂದು ಭಾಗ ಇಳಿಯುತ್ತ ಹೋಗುತ್ತದೆ, ಇನ್ನೊಂದು ಏರುತ್ತ ಹೋಗುತ್ತದೆ. ಎರಡರ ನಡುವೆ ಸೇತುವೆಯಾಗಿ ಟೆನರ್ ಸ್ಯಾಕ್ಸೊಫೋನ್‌ನ ಪಾಲ್ ಗೊನ್ಸಾಲ್ವೆಸ್ ಅವರಿಗೆ ಬೇಕಾದಷ್ಟು ನುಡಿಸು ಎಂದು ಬಿಟ್ಟುಕೊಟ್ಟರು.

ಬ್ಲೂಸ್ ಎಂಬ ಪ್ರಕಾರದಲ್ಲಿ ಒಂದು ಆವರ್ತಕ್ಕೆ ಹನ್ನೆರಡು ಅಂಕಣ, ಅಂದರೆ ನಾಲ್ಕು ನಾಲ್ಕು ಎಣಿಕೆಯ ಹನ್ನೆರಡು ತುಂಡು. ಗೊನ್ಸಾಲ್ವೆಸ್ ನುಡಿಸಿದ್ದು ಸತತ ಇಪ್ಪತ್ತೇಳು ಆವರ್ತ. ಏಳೆಂಟರ ಹೊತ್ತಿಗೆ ಕಪ್ಪು ಉಡುಪಿನ ಹೆಂಗಸೊಬ್ಬರು ಎದ್ದು ಕುಣಿಯತೊಡಗಿದರು. ವೇದಿಕೆಯ ಪಕ್ಕದಲ್ಲಿ ಡ್ರಮ್ಸ್ ವಾದಕ ಜೋ ಜೋನ್ಸ್ ಸುರುಳಿ ಸುತ್ತಿದ ಪತ್ರಿಕೆಯಿಂದ ತಾಳ ತಟ್ಟುತ್ತಿದ್ದರು. ಹೊರಟಿದ್ದವರು ಓಡಿ ಬಂದು ಕುರ್ಚಿಗಳ ಮೇಲೆ ನಿಂತರು. ಗೊನ್ಸಾಲ್ವೆಸ್ ಬೇರೊಂದು ಮೈಕಿನತ್ತ ತಿರುಗಿ ನುಡಿಸಿದ್ದರಿಂದ ಕಂಪನಿಯ ಧ್ವನಿಮುದ್ರಣದಲ್ಲಿ ಅವರ ದನಿ ದೂರದಿಂದ ಕೇಳಿದಂತಿದೆ. ಆದರೆ ಜನರ ಕೂಗಿನಲ್ಲೇ ಎಲ್ಲವೂ ಗೊತ್ತಾಗುತ್ತದೆ. ಮುಂದಿನ ತಿಂಗಳು ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಎಲಿಂಗ್ಟನ್ ಇದ್ದರು. ಆ ರಾತ್ರಿಯ ಆಲ್ಬಮ್ ಅವರ ಎಲ್ಲ ಆಲ್ಬಮ್‌ಗಳಿಗಿಂತ ಹೆಚ್ಚು ಮಾರಾಟವಾಯಿತು.

ದೆಹಲಿಯ ಗೊರವಂಕ

1963ರಲ್ಲಿ ಅಮೆರಿಕ ಸರ್ಕಾರ ತಂಡವನ್ನು ಪಶ್ಚಿಮ ಮತ್ತು ದಕ್ಷಿಣ ಏಷ್ಯಾಕ್ಕೆ ಕಳುಹಿಸಿತು. ಶೀತಲ ಸಮರದ ಕಾಲ, ಸಂಗೀತವೂ ರಾಜತಾಂತ್ರಿಕತೆಯ ಭಾಗ. ತಂಡ ಭಾರತಕ್ಕೂ ಬಂತು. ದೆಹಲಿಯಲ್ಲಿ ಸ್ಟ್ರೇಹಾರ್ನ್ ಅವರ ಕೋಣೆಯ ಬಳಿ ಗೊರವಂಕವೊಂದು ಒಂದೇ ಸಾಲನ್ನು ಹಾಡುತ್ತಿತ್ತು. ಅದೇ ‘ಬ್ಲೂಬರ್ಡ್ ಆಫ್ ಡೆಲ್ಲಿ’ ಆಯಿತು. ಜಿಮ್ಮಿ ಹ್ಯಾಮಿಲ್ಟನ್ ಅವರ ಕ್ಲ್ಯಾರಿನೆಟ್‌ನಲ್ಲಿ ಆ ಹಕ್ಕಿ ಇವತ್ತಿಗೂ ಕೂಗುತ್ತದೆ. ನವೆಂಬರ್ 22ರಂದು ಅಧ್ಯಕ್ಷ ಕೆನಡಿ ಅವರ ಹತ್ಯೆಯಾದಾಗ ತಂಡ ಟರ್ಕಿಯಲ್ಲಿತ್ತು, ಪ್ರವಾಸ ಅಲ್ಲಿಗೇ ನಿಂತಿತು.

ಕಂಡದ್ದನ್ನು ಕೂಡಲೇ ಅನುಕರಿಸಬಾರದು, ಒಳಗೆ ಇಳಿಯಲು ಬಿಡಬೇಕು ಎಂಬುದು ಎಲಿಂಗ್ಟನ್ ಅವರ ನಿಲುವು. ಆ ಪ್ರವಾಸದಿಂದ ಹುಟ್ಟಿದ ‘ಫಾರ್ ಈಸ್ಟ್ ಸ್ವೀಟ್’ (ಸ್ವೀಟ್ ಎಂದರೆ ಇಲ್ಲಿ ಹಲವು ಭಾಗಗಳ ಸಂಗೀತಮಾಲಿಕೆ) ಆಲ್ಬಮ್‌ನ ಧ್ವನಿಮುದ್ರಣವಾದದ್ದು 1966ರ ಡಿಸೆಂಬರ್‌ನಲ್ಲಿ. ಅದರಲ್ಲಿ ಸಿತಾರ್ ಇಲ್ಲ, ತಬಲಾ ಇಲ್ಲ. ‘ಆಗ್ರಾ’ ಎಂಬ ಭಾಗದಲ್ಲಿ ಇರುವುದು ಹ್ಯಾರಿ ಕಾರ್ನಿ ಅವರ ಬ್ಯಾರಿಟೋನ್ ಸ್ಯಾಕ್ಸೊಫೋನ್‌ನ ಗಂಭೀರ ಕಂಠ.

ಕೈತಪ್ಪಿದ ಪ್ರಶಸ್ತಿ, ಕೊನೆಯ ವರ್ಷಗಳು

1965ರಲ್ಲಿ ಪುಲಿಟ್ಜರ್ ಪ್ರಶಸ್ತಿಯ ಸಂಗೀತ ತೀರ್ಪುಗಾರರು ಎಲಿಂಗ್ಟನ್ ಅವರಿಗೆ ವಿಶೇಷ ಗೌರವ ಸಲ್ಲಬೇಕೆಂದು ಶಿಫಾರಸು ಮಾಡಿದರು, ಮಂಡಳಿ ಒಪ್ಪಲಿಲ್ಲ. ಮೂವರು ತೀರ್ಪುಗಾರರಲ್ಲಿ ಇಬ್ಬರು ರಾಜೀನಾಮೆ ಕೊಟ್ಟರು. ವಿಧಿ ತಮ್ಮ ಮೇಲೆ ಕರುಣೆ ತೋರಿದೆ, ಇಷ್ಟು ಚಿಕ್ಕ ವಯಸ್ಸಿಗೆ ಹೆಚ್ಚು ಖ್ಯಾತಿ ಬರುವುದು ಅದಕ್ಕೆ ಇಷ್ಟವಿಲ್ಲ ಎಂದರು ಅರುವತ್ತಾರರ ಎಲಿಂಗ್ಟನ್. ಪುಲಿಟ್ಜರ್ ಗೌರವ ಬಂದದ್ದು 1999ರಲ್ಲಿ, ಅವರ ಜನ್ಮಶತಮಾನೋತ್ಸವಕ್ಕೆ.

1969ರ ಏಪ್ರಿಲ್ 29ರಂದು ಅವರ ಎಪ್ಪತ್ತನೆಯ ಹುಟ್ಟುಹಬ್ಬದ ಔತಣ ನಡೆದದ್ದು ಶ್ವೇತಭವನದಲ್ಲಿ. ತಂದೆ ತಟ್ಟೆ ಹಿಡಿದು ಓಡಾಡಿದ್ದ ಮನೆಯಲ್ಲಿ ಮಗನಿಗೆ ದೇಶದ ಅತ್ಯುನ್ನತ ನಾಗರಿಕ ಗೌರವ ಸಂದಿತು. 1974ರ ಮೇ 24ರಂದು ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವರು ಸಾವಿರಕ್ಕೂ ಹೆಚ್ಚು ರಚನೆಗಳನ್ನು ಬಿಟ್ಟುಹೋಗಿದ್ದರು. ಹದಿನೇಳರ ಹರೆಯದಲ್ಲಿ, 1927ರಲ್ಲಿ ತಂಡ ಸೇರಿದ್ದ ಹ್ಯಾರಿ ಕಾರ್ನಿ ಕೊನೆಯವರೆಗೂ ಜೊತೆಗಿದ್ದರು. ಊರಿಂದೂರಿಗೆ ತಮ್ಮ ಕಾರಿನಲ್ಲೇ ನಾಯಕರನ್ನು ಕರೆದೊಯ್ಯುತ್ತಿದ್ದವರು ಅವರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅವರೂ ಹೋದರು. ತಂಡವನ್ನು ಮಗ ಮರ್ಸರ್ ಮುನ್ನಡೆಸಿದರು.

ಎಲ್ಲಿಂದ ಕೇಳಬೇಕು?

ಮೊದಲು 1930ರ ‘ಮೂಡ್ ಇಂಡಿಗೊ’, ಮೂರು ದನಿಗಳನ್ನು ಬೇರೆ ಬೇರೆಯಾಗಿ ಹಿಡಿಯುವ ಪ್ರಯತ್ನದೊಂದಿಗೆ. ಬಳಿಕ 1941ರ ‘ಟೇಕ್ ದಿ ಎ ಟ್ರೈನ್’. ಪುರುಸೊತ್ತಿರುವ ಒಂದು ಸಂಜೆ ನ್ಯೂಪೋರ್ಟ್‌ನ ಧ್ವನಿಮುದ್ರಣ, ಗಟ್ಟಿಯಾಗಿಯೇ. ‘ಫಾರ್ ಈಸ್ಟ್ ಸ್ವೀಟ್’ನ ‘ಇಸ್ಫಹಾನ್’ನಲ್ಲಿ ಹಾಡ್ಜಸ್ ಅವರ ಜಾರುಗಳು.

ಕೊನೆಗೊಂದು. ಸ್ಟ್ರೇಹಾರ್ನ್ 1967ರ ಮೇ ತಿಂಗಳಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಮೂರು ತಿಂಗಳ ನಂತರ ತಂಡ ಅವರ ರಚನೆಗಳನ್ನು ಆಲ್ಬಮ್ ಒಂದಕ್ಕಾಗಿ ನುಡಿಸಿತು. ಒಂದು ದಿನದ ಕೆಲಸ ಮುಗಿದು ಎಲ್ಲರೂ ವಾದ್ಯಗಳನ್ನು ಪೆಟ್ಟಿಗೆಗೆ ಹಾಕುತ್ತಿದ್ದಾಗ ಎಲಿಂಗ್ಟನ್ ಒಬ್ಬರೇ ಪಿಯಾನೊ ಮುಂದೆ ಕುಳಿತು ‘ಲೋಟಸ್ ಬ್ಲಾಸಮ್’ ನುಡಿಸತೊಡಗಿದರು. ಸ್ಟ್ರೇಹಾರ್ನ್ ಅವರದೇ ರಚನೆ ಅದು, ಎಲಿಂಗ್ಟನ್ ಕೈಯಲ್ಲಿ ಕೇಳಲು ಅವರು ಬಹಳ ಇಷ್ಟಪಡುತ್ತಿದ್ದರು. ಯಂತ್ರ ಇನ್ನೂ ಓಡುತ್ತಿತ್ತು. ಆರಂಭದಲ್ಲಿ ಹಿನ್ನೆಲೆಯಲ್ಲಿ ಮಾತು ಕೇಳುತ್ತದೆ, ಸಾಮಾನು ಸರಿಸುವ ಸದ್ದು ಕೇಳುತ್ತದೆ. ನಿಧಾನವಾಗಿ ಒಬ್ಬೊಬ್ಬರೂ ಸುಮ್ಮನಾಗುತ್ತಾರೆ.